ಎರಡೂ ಒಂದ ರೇಟು, ಒಂದ ಬಣ್ಣ: ಕಾಲೇಜಿಗೆ ಯಾವ ಲ್ಯಾಪ್‌ಟಾಪ್ ತಗೋಬೇಕ್ರಿ?

(ಈ ವರ್ಷ ಕಾಲೇಜ್ ಸೇರಾಕತ್ತ ಹುಡುಗೂರು ಮತ್ತ ಅವರ ಮನಿ ಮಂದಿ ಮುಂದ ಧಾರವಾಡದಾಗ ಮಾತಾಡಿದ್ದು ಇದು. ಬರದು ಕೊಡ್ರಿ ಅಂದ್ರು, ಮಾತಾಡಿದಂಗ ಬರದೀನಿ, ಬಾಳ ತಿದ್ದಾಕ ಹೋಗಿಲ್ಲ.)

ಎಲ್ಲಾರಿಗೂ ನಮಸ್ಕಾರ್ರಿ. ಹಿಂದ ಕೂತವರಿಗೆ ಕೇಳಾಕತ್ತೈತೇನ್ರಿ? ಹಾಂ, ಆತು. ನಾ ಪ್ರೊಫೆಸರ್ ಅಲ್ರಿ, ಭಾಷಣ ಮಾಡಿ ರೂಢಿ ಇಲ್ಲ, ಹುಬ್ಬಳ್ಳ್ಯಾಗ ಒಂದು ಸಣ್ಣ ಅಂಗಡಿ ಇಟಗೊಂಡು 16 ವರ್ಷದಿಂದ ಲ್ಯಾಪ್‌ಟಾಪ್ ರಿಪೇರಿ ಮಾಡ್ತೀನಿ. ಮಾರಂಗಿಲ್ಲ. ಇದನ್ನ ಮೊದಲ ಹೇಳಿಬಿಡ್ತೀನಿ, ಯಾಕಂದ್ರ ಮಾರಾವ ಲ್ಯಾಪ್‌ಟಾಪಿನ ಮಾರಿ ನೋಡಿರ್ತಾನ, ನಾ ಅದರ ಹೊಟ್ಟಿ ನೋಡಿರ್ತೀನಿ, ಅದೂ ಕೆಟ್ಟು ಬಂದ ಮ್ಯಾಲ ನೋಡಿರ್ತೀನಿ.

ಈ ಟೇಬಲ್ ಮ್ಯಾಲ ಎರಡು ಲ್ಯಾಪ್‌ಟಾಪ್ ಇಟ್ಟೀನಿ ನೋಡ್ರಿ. ಎರಡೂ ಬೆಳ್ಳಿ ಬಣ್ಣ, ಎರಡೂ 15.6 ಇಂಚು, ಎರಡರ ಮ್ಯಾಲೂ ರೈಜನ್ 5 ಅಂತ ಪ್ರೊಸೆಸರಿನ, ಅಂದ್ರ ಲೆಕ್ಕ ಮಾಡೂ ಚಿಪ್ಪಿನ ಸ್ಟಿಕ್ಕರ್ ಐತಿ, 8 ಜಿಬಿ ರ್‍ಯಾಮ್, 512 ಜಿಬಿ ಎಸ್‌ಎಸ್‌ಡಿ, (ರ್‍ಯಾಮ್ ಅಂದ್ರ ಕೆಲಸ ನಡದಾಗ ಸಾಮಾನು ಹರಡೂ ಜಾಗಾ, ಎಸ್‌ಎಸ್‌ಡಿ ಅಂದ್ರ ಫೈಲ್ ಕೂಡಿಡೂ ಜಾಗಾ) ತಗೊಂಡಾಗ ಎರಡೂ 40 ಸಾವಿರದ ಆಜೂಬಾಜೂ ಇದ್ದವು. ಬಾಕ್ಸ್ ಮ್ಯಾಲ ಬರದಿದ್ದು ಓದಿದ್ರ ಅವಳಿ ಜವಳಿ. ಆದ್ರ ಇದರಾಗ ಒಂದು ನಾಲ್ಕು ವರ್ಷ ಕಣ್ಣು ಮುಚ್ಚಿ ನಡೀತೈತಿ, ಇನ್ನೊಂದನ್ನ ಎರಡನೇ ವರ್ಷಕ್ಕ ನನ್ನ ಅಂಗಡಿಗೆ ತಂದು "ಸರ, ಇದಕ್ಕ ಏನರ ಮಾಡಾಕ ಬರ್ತೈತೇನ್ರಿ" ಅಂತ ಕೇಳ್ತಾರ, ನಾ ಇಲ್ಲಪಾ ಅಂತೀನಿ. ಯಾವುದು ಅಂತ ಆಮ್ಯಾಲ ಹೇಳ್ತೀನಿ.

ನಾ ಇವತ್ತ ಹೇಳಾಕ ಬಂದಿದ್ದು ಒಂದ ಮಾತು ನೋಡ್ರಿ. ಲ್ಯಾಪ್‌ಟಾಪಿನಾಗ ಕೆಲವೊಂದು ಮುಂದ ಬದಲಿ ಮಾಡಾಕ ಬರ್ತಾವ, ಕೆಲವೊಂದು ಸಾಯೂತನ ಹಂಗ ಇರ್ತಾವ. ನಮ್ಮ ಮಂದಿ ಬದಲಿ ಮಾಡಾಕ ಬರೂದನ್ನ ಹಿಡಕೊಂಡು ಚೌಕಾಸಿ ಮಾಡ್ತಾರ, ಬದಲಿ ಮಾಡಾಕ ಬಾರದ್ದನ್ನ ಕೇಳೂದ ಇಲ್ಲ.

ಹಾವೇರಿ ಕಡಿಂದ ಬಂದವರು ಯಾರ ಇದ್ದೀರಿ? ಕೈ ಎತ್ರಿ. ನೀವು ದನದ ಸಂತಿ ನೋಡಿರ್ತೀರಿ. ಎತ್ತು ಕೊಳ್ಳಾಕ ಹೋದ ರೈತ ಕೊಂಬಿಗೆ ಹಚ್ಚಿದ ಬಣ್ಣ ನೋಡ್ತಾನೇನ್ರಿ? ಕೊಳ್ಳಾಗಿನ ಗೆಜ್ಜಿ ನೋಡ್ತಾನೇನು? ವಯಸ್ಸು ತಿಳಿಯಾಕ ಬಾಯಿ ತೆಗಿಸಿ ಹಲ್ಲು ನೋಡ್ತಾನ. ಎರಡ ಹಲ್ಲೋ, ನಾಕ ಹಲ್ಲೋ, ಬಾಯಿ ಗೂಡೈತೋ ಅಂತ ನೋಡಿ ಆಮ್ಯಾಲ ಟವಲ್ ಒಳಗ ಕೈ ಹಾಕಿ ರೇಟು ಮಾತಾಡ್ತಾನ. ಲ್ಯಾಪ್‌ಟಾಪಿಗೂ ಹಲ್ಲು ಅದಾವ್ರಿ, ಆದ್ರ ಅವನ್ನ ನಂಬರಿನಾಗ ಮುಚ್ಚಿಟ್ಟಾರ.

ಈಗ ಈ ಎರಡೂ ರೈಜನ್ 5 ಅಂದೆ ಅಲ್ಲ. ಒಂದರ ಪೂರ್ತಿ ಹೆಸರು ರೈಜನ್ 5 7520ಯು, ಇನ್ನೊಂದರದ್ದು ರೈಜನ್ 5 7530ಯು. ಅಂಗಡ್ಯಾಗ ಕೇಳಿದ್ರ "ಏ 10 ನಂಬರ್ ಫರಕ್ ಅಷ್ಟ ಬಿಡ್ರಿ" ಅಂತಾರ. ಖರೇ ಏನಂದ್ರ ಈ ರೈಜನ್ ಚಿಪ್ಪು ಮಾಡೂ ಎಎಮ್‌ಡಿಯವರು 2023ರ ಹೊತ್ತಿಗೆ ಒಂದು ನಂಬರ್ ಪದ್ಧತಿ ಮಾಡಿದ್ರು, ಅದರಾಗ ಮೊದಲನೇ ಅಂಕಿ ಮಾಡೆಲ್ ವರ್ಷ, ಮೂರನೇ ಅಂಕಿ ಒಳಗಿನ ಕೋರಿನ, ಅಂದ್ರ ಕೆಲಸ ಮಾಡೂ ಭಾಗದ ಪೀಳಿಗಿ. 7520ರಾಗ ಮೂರನೇ ಅಂಕಿ 2, ಅಂದ್ರ ಝೆನ್ 2, ಅದು 2019ರ ವಿನ್ಯಾಸ. 7530ರಾಗ 3, ಅಂದ್ರ ಝೆನ್ 3. ಮೊದಲನೇದ್ದಕ್ಕ 4 ಕೋರು 8 ಥ್ರೆಡ್ಡು (ಥ್ರೆಡ್ಡಂದ್ರ ಒಂದ ಸಲಕ್ಕ ಹಿಡಿಯೂ ಕೆಲಸದ ಸಾಲು), ಎರಡನೇದ್ದಕ್ಕ 6 ಕೋರು 12 ಥ್ರೆಡ್ಡು. ಮೂರನೇ ಅಂಕಿನ ಇದರ ಹಲ್ಲು. ಸ್ಟಿಕ್ಕರ್ ಒಂದ, ಬೆಲಿ ಒಂದ, ಒಳಗ ದೀಡ್ ಪಟ್ಟು ಫರಕು. ಬ್ಯಾಡಗಿ ಮೆಣಸಿನಕಾಯಿ ಬಣ್ಣ ನೋಡಿ ಖಾರ ಐತಿ ಅಂತ ತಿಳಕೊಂಡಂಗ ಆತು, ಬಣ್ಣ ಇರ್ತೈತಿ, ಖಾರ ಬ್ಯಾರೆ ಲೆಕ್ಕ.

ಅಷ್ಟಕ್ಕ ಮುಗೀಲಿಲ್ರಿ. ಆ 7520ಯು ಅನ್ನೂ ಚಿಪ್ಪು ಎಲ್‌ಪಿಡಿಡಿಆರ್5 ಅನ್ನೂ ರ್‍ಯಾಮ್ ಅಷ್ಟ ತಗೋತೈತಿ, ಆ ರ್‍ಯಾಮ್ ಮದರ್‌ಬೋರ್ಡಿಗೆ ಬೆಸುಗಿ ಹಾಕಿರ್ತಾರ. 8 ಜಿಬಿ ತಗೊಂಡ್ರ 8 ಜಿಬಿನ, ಮುಂದ ಬ್ರಹ್ಮ ಬಂದ್ರೂ 16 ಆಗಂಗಿಲ್ಲ. ಹಂಗಾಗಿ ನಿಮ್ಮ ಹುಡುಗ 7520 ತಗೊಂಡು ಬಂದು "ಸರ ರ್‍ಯಾಮ್ ಹಾಕಿ ಕೊಡ್ರಿ" ಅಂದ್ರ ನಾ ಎಲ್ಲಿ ಹಾಕ್ಲಿ? ಹೋದ ವರ್ಷ ಸಿವಿಲ್ ಇಂಜಿನಿಯರಿಂಗ್ ಓದೂ ಹುಡುಗ ಒಬ್ಬ ಬಂದಿದ್ದ, ರೋಣದ ಕಡ್ಯಾವ, ಅವರಪ್ಪ ಕಡ್ಲಿ ಮಾರಿ ಕೊಡಿಸಿದ್ದು ಅಂತ ಹೇಳಿದ. ಹಿಂದಿನ 10 ಸ್ಕ್ರೂ ತಗದು ತೋರಿಸಿದೆ, ಸ್ಲಾಟ್ (ರ್‍ಯಾಮ್ ಸಿಗಿಸೂ ಗೂಡು) ಇರಬೇಕಾದ ಜಾಗಾ ಖಾಲಿ ಹಸರ ಬೋರ್ಡು. ಮತ್ತ ಮುಚ್ಚಿ ಕೊಟ್ಟೆ, ರೊಕ್ಕ ತಗೊಳ್ಳಿಲ್ಲ, ಏನಂತ ತಗೊಳ್ಳೂದು? ಅವ ಬ್ಯಾಗ್ ಹೆಗಲಿಗೆ ಹಾಕ್ಕೊಂಡು ಒಂದು ಎರಡು ನಿಮಿಷ ಅಲ್ಲೇ ನಿಂತಿದ್ದ.

ಇಂಟೆಲ್ ಕಡೆನೂ ಇದ ಕತಿ. 2022ರಾಗ ಐ5-1235ಯು ಬಂತು, 2023ರಾಗ ಐ5-1335ಯು ಬಂತು, 2024ರಾಗ "ಐ" ಅನ್ನೂ ಅಕ್ಷರ ಕಿತ್ತು ಕೋರ್ 5 120ಯು ಅಂತ ಬಂತು. ಮೂರರಾಗೂ 2 ದೊಡ್ಡ ಕೋರು, 8 ಸಣ್ಣ ಕೋರು, 12 ಥ್ರೆಡ್ಡು. ಓಟದಾಗ ಸೊಲ್ಪ ಸೊಲ್ಪ ಹೆಚ್ಚಾಗೈತಿ ಇಲ್ಲ ಅನ್ನಂಗಿಲ್ಲ, ಆದ್ರ ಪ್ರತಿ ವರ್ಷ ಅದ ಎತ್ತಿನ ಕೊಂಬಿಗೆ ಹೊಸ ಬಣ್ಣ. ಹಂಗಾಗಿ ಹಳೇ ಮಾಡೆಲ್ 1235 ಆರು ಸಾವಿರ ಕಡಿಮಿಗೆ ಸಿಕ್ರ ಹಳೇದು ಅಂತ ಮೂಗು ಮುರೀಬ್ಯಾಡ್ರಿ, ಆ ಆರು ಸಾವಿರ ಸ್ಕ್ರೀನಿಗೋ ರ್‍ಯಾಮಿಗೋ ಹಾಕ್ರಿ. ಐ3-1215ಯು ಸಹಿತ 2 ದೊಡ್ಡ 4 ಸಣ್ಣ ಕೋರಿಂದು, ಬಿಕಾಂ ಬಿಎ ಹುಡುಗೂರಿಗೆ ಬೇಕಾದಷ್ಟಾತು.

ಬ್ಯಾಡ ಅನ್ನೂದು ಯಾವುದಂದ್ರ ಸೆಲೆರಾನ್ ಎನ್4020, ಎನ್4500 ಅಂಥವು, ಎರಡ ಕೋರು. 2023ರಾಗ ಇಂಟೆಲ್ ಲ್ಯಾಪ್‌ಟಾಪಿಂದ ಸೆಲೆರಾನ್ ಪೆಂಟಿಯಮ್ ಹೆಸರ ತಗದು ಬರೇ "ಇಂಟೆಲ್ ಪ್ರೊಸೆಸರ್" ಅಂತ ಇಡಾಕತ್ತಿತು, ಕೇಳಾಕ ಬಾಳ ಗಂಭೀರ ಅನಸ್ತೈತಿ, "ಸರ ಇದು ಇಂಟೆಲ್ ಪ್ರೊಸೆಸರ್ ಸರ" ಅಂತ ಅಂಗಡಿ ಹುಡುಗ ಹೇಳ್ತಾನ, ಅವನೂ ಸುಳ್ಳು ಹೇಳಾಕತ್ತಿಲ್ಲ ಪಾಪ. ಎನ್100 ಅನ್ನೂದು 4 ಸಣ್ಣ ಕೋರಿಂದು, ನೋಟ್ಸ್ ಬರಿಯಾಕ ಯೂಟ್ಯೂಬ್ ನೋಡಾಕ ನಡೀತೈತಿ, ಆದ್ರ 40 ಸಾವಿರಕ್ಕ ಅದನ್ನ ಕೊಡಾಕತ್ತಿದ್ರ ಎದ್ದು ಬರ್ರಿ. ಅದರ ಕೂಡ ಇಎಮ್‌ಎಮ್‌ಸಿ ಅಂತ 64 ಜಿಬಿ 128 ಜಿಬಿ ಸ್ಟೋರೇಜ್ ಬರ್ತೈತಲ್ಲ, ಅದು ಎಸ್‌ಎಸ್‌ಡಿ ಅಲ್ರಿ, ಅದೂ ಬೆಸುಗಿನ. ವಿಂಡೋಸ್ 11 ಹಾಕಾಕ ಕಮ್ಮಿತ ಕಮ್ಮಿ 64 ಜಿಬಿ ಬೇಕಂತ ಮೈಕ್ರೋಸಾಫ್ಟ್‌ನವರ ಹೇಳ್ಯಾರ, ಇನ್ನ 64ರ ಡಬ್ಬ್ಯಾಗ ವಿಂಡೋಸ್ ಕುಂತ್ರ ನಿಮ್ಮ ಫೈಲು ಎಲ್ಲಿ ಕೂಡಬೇಕು.

ರ್‍ಯಾಮ್ ಮಾತು ಇನ್ನೊಂದೀಟು ಐತಿ. 8 ಜಿಬಿ ಅಂತ ಬರದಿರ್ತೈತಿ, ಆದ್ರ ಬ್ಯಾರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪಿನಾಗ ಸ್ಕ್ರೀನ್ ಕೆಲಸಕ್ಕ ಅದರಾಗಿಂದನ ಒಂದು ಪಾಲು ತಗೀತಾರ. ಮೊಬೈಲ್ ಆ್ಯಪ್ ಮಾಡಾಕ ಬೇಕಾಗೂ ಆಂಡ್ರಾಯ್ಡ್ ಸ್ಟುಡಿಯೋದವರ ಹೇಳ್ಯಾರ, ಬರೇ ಸ್ಟುಡಿಯೋಕ್ಕ 8, ಎಮ್ಯುಲೇಟರ್, ಅಂದ್ರ ಸ್ಕ್ರೀನಿನಾಗಿನ ನಕಲಿ ಮೊಬೈಲ್ ಕೂಡ ಬೇಕಂದ್ರ 16 ಅಂತ. ಮಶಿನ್ ಡಿಸೈನ್ ಮಾಡೂ ಸಾಲಿಡ್‌ವರ್ಕ್ಸ್‌ಗೂ 16 ಅಂತನ ಹೇಳ್ತಾರ. ಅಂದ್ರ ಇಂಜಿನಿಯರಿಂಗ್ ಹುಡುಗೂರು 16ರ ಲೆಕ್ಕನ ಹಿಡೀಬೇಕು, ಇವತ್ತ 16 ಬ್ಯಾಡ ಅಂದ್ರೂ ನಾಳೆ 16 ಮಾಡಾಕ ಒಂದು ಖಾಲಿ ಸ್ಲಾಟ್ ಇರಬೇಕು. 2025ರ ಕೊನೀಗೆ ರ್‍ಯಾಮ್ ರೇಟು ಜಗತ್ತಿನ ತುಂಬ ಏರಿಬಿಡ್ತು, ಎಐ ಡೇಟಾ ಸೆಂಟರಿನವರು ಎಲ್ಲಾ ಬಾಚ್ಕೊಂಡು ಹೊಂಟಾರ, ಮೊದಲ ನಾ "8 ತಗೋರಿ, ಆಮ್ಯಾಲ 8 ಹಾಕಿಕೊಡ್ತೀನಿ" ಅಂತ ಸಲೀಸಾಗಿ ಹೇಳ್ತಿದ್ದೆ, ಈಗ ಹಂಗ ಹೇಳಾಕ ಬಾಯಿ ಬರವಲ್ದು. 8ರದ್ದಕ್ಕ ಇನ್ನೊಂದು 8 ಕೂಡಿಸಿದ್ರ ಆಗೂ ರೇಟು, ಮೊದಲ 16 ಇದ್ದದ್ದರ ರೇಟು, ಎರಡೂ ಹೋಲಿಸಿ ನೋಡಿ ತಗೋರಿ.

ಸ್ಲಾಟ್ ಐತೋ ಇಲ್ಲೋ ಅಂಗಡ್ಯಾಗನ ನೋಡಾಕ ಬರ್ತೈತಿ, ಸ್ಕ್ರೂ ಬಿಚ್ಚೂದು ಬ್ಯಾಡ. ತಮ್ಮ, ನೀ ಬಾ ಇಲ್ಲಿ, ಒತ್ತಿ ತೋರ್ಸು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೂಡೆ ಒತ್ತಿದ್ರ ಟಾಸ್ಕ್ ಮ್ಯಾನೇಜರ್ ಬರ್ತೈತಿ. ಅದರಾಗ ಪರ್ಫಾರ್ಮೆನ್ಸ್, ಅದರಾಗ ಮೆಮೊರಿ. ಕೆಳಗ "ಸ್ಲಾಟ್ಸ್ ಯೂಸ್ಡ್" ಅಂತ ಇರ್ತೈತಿ, ಎರಡರಾಗ ಒಂದು ಅಂತ ತೋರಿಸಿದ್ರ ಒಂದು ಖಾಲಿ ಇರಬೇಕು, ಆದ್ರ ಬೆಸುಗಿ ರ್‍ಯಾಮ್ ಇದ್ರ ಈ ಲೆಕ್ಕ ಒಮ್ಮೊಮ್ಮೆ ಹಾದಿ ತಪ್ಪಿಸ್ತೈತಿ, ಅದಕ್ಕ ಕಂಪನಿ ಸೈಟಿನಾಗ ಆ ಮಾಡೆಲ್ ನಂಬರ್ ಹಾಕಿ ಇನ್ನೊಮ್ಮೆ ನೋಡ್ಕೋರಿ. ಅಲ್ಲೇ ಮ್ಯಾಲ ಸಿಪಿಯು ಒತ್ತಿದ್ರ ಪ್ರೊಸೆಸರಿನ ಪೂರ್ತಿ ಹೆಸರೂ ಕೋರಿನ ಲೆಕ್ಕನೂ ಬರ್ತೈತಿ. ಇಷ್ಟು ನೋಡಾಕ ಒಂದು ನಿಮಿಷ, ಅಂಗಡಿಯಾವ ಬ್ಯಾಡ ಅಂದ್ರ ಅಲ್ಲೇ ಏನೋ ಐತಿ ಅಂತ ತಿಳ್ಕೊಂಡು ಮುಂದಿನ ಅಂಗಡಿಗೆ ನಡೀರಿ, ಹುಬ್ಬಳ್ಳಿ ಕೊಪ್ಪಿಕರ್ ರೋಡಿನಾಗ ಅಂಗಡಿ ಏನ ಕಡಿಮಿ ಇಲ್ಲ.

ಎಸ್‌ಎಸ್‌ಡಿ ಬಗ್ಗೆ ನಾ ಬಾಳ ಹೇಳಂಗಿಲ್ಲ. ಅದು ಬದಲಿ ಆಗೂ ಸಾಮಾನು, ಅದಕ್ಕ 512 ಬೇಕೋ 1 ಟಿಬಿ ಬೇಕೋ ಅಂತ ತಲಿ ಕೆಡಿಸ್ಕೋಬ್ಯಾಡ್ರಿ. ಹಾಂ, 512 ತಗೊಂಡು ಮನಿಗೆ ಹೋಗಿ ನೋಡಿದ್ರ 476 ಅಂತ ತೋರಿಸ್ತೈತಿ, ಆವಾಗ ಮೋಸ ಆತು ಅಂತ ನನಗ ಫೋನ್ ಹಚ್ಚಬ್ಯಾಡ್ರಿ. ಕಂಪನಿಯವರು ಸಾವಿರದ ಲೆಕ್ಕದಾಗ ಎಣಿಸ್ತಾರ, ವಿಂಡೋಸ್ 1024ರ ಲೆಕ್ಕದಾಗ ಎಣಿಸ್ತೈತಿ, ಅಷ್ಟ.

ಈಗ ಸ್ಕ್ರೀನು. ಇಲ್ಲಿ ನಾ ಸ್ವತಾ ಕೆಟ್ಟೀನಿ. 16 ವರ್ಷ ರಿಪೇರಿ ಮಾಡಿದಾವ, ನನ್ನ ಮಗಳಿಗೆ ಕೊಡಿಸೂಮುಂದ ಪ್ರೊಸೆಸರ್ ನೋಡಿದೆ, ರ್‍ಯಾಮ್ ನೋಡಿದೆ, ಸ್ಲಾಟ್ ನೋಡಿದೆ, ಆನ್‌ಲೈನಿನಾಗ ಸೇಲ್ ಇತ್ತು, ಒತ್ತಿಬಿಟ್ಟೆ. ಆಕಿ ಗದಗಿನಾಗ ಹಾಸ್ಟೆಲಿನಾಗ ಇದ್ಲು, ಕಿಟಕಿ ಕಡೆ ಬೆನ್ನು ಮಾಡಿ ಕೂಡೂ ಟೇಬಲ್. ಗದಗಿನ ಬಿಸಲು ನಿಮಗ ಗೊತ್ತೈತಿ. ಮಧ್ಯಾಹ್ನ ಸ್ಕ್ರೀನಿನಾಗ ಆಕಿ ಮಾರಿ ಆಕಿಗ ಕಾಣ್ತಿತ್ತಂತ, ಅಕ್ಷರ ಕಾಣ್ತಿದ್ದಿಲ್ಲಂತ. ನಾ ನೋಡಾಕ ಹೋದಾಗ ಚಪ್ಪಲಿ ಬಾಕ್ಸ್ ಕತ್ತರಿಸಿ ಸ್ಕ್ರೀನಿಗೆ ಮೂರೂ ಕಡೆ ಗೋಡಿ ಹಂಗ ಟೇಪ್ ಹಚ್ಚಿ ಇಟ್ಟಿದ್ಲು. "ಅಪ್ಪಾ, ನಿನ್ನ ಅಂಗಡ್ಯಾಗ ಲೈಟ್ ಕಡಿಮಿ, ಅದಕ್ಕ ನಿನಗ ಗೊತ್ತಾಗಿಲ್ಲ" ಅಂದ್ಲು. ನನಗ ಏನ ಹೇಳಬೇಕಂತ ತಿಳೀಲಿಲ್ಲ, ಅವತ್ತಿಂದ ಯಾರ ಕೇಳಿದ್ರೂ ಮೊದಲ ಸ್ಕ್ರೀನಿನ ಮಾತ ತಗೀತೀನಿ, ನಮ್ಮ ಮನ್ಯಾಗ ಇದಕ್ಕ ನಗತಾರ.

ಸ್ಕ್ರೀನಿನ ಬೆಳಕಿಗೆ ನಿಟ್ಸ್ ಅಂತ ಅಳತಿ. ಸೋವಿ ಲ್ಯಾಪ್‌ಟಾಪಿನಾಗ 220, 250 ಇರ್ತಾವ, 300 ಇದ್ರ ಬಾಳ ಚಲೋ. ಆಮ್ಯಾಲ ಟಿಎನ್ ಪ್ಯಾನೆಲ್ಲು, ಐಪಿಎಸ್ ಪ್ಯಾನೆಲ್ಲು ಅಂತ ಎರಡು ಜಾತಿ. ಟಿಎನ್‌ದಾಗ ನೀವು ಸೊಲ್ಪ ಬಾಗಿದ್ರ ಬಣ್ಣ ತಿರಗಾ ಮುರಗಾ ಆಗ್ತೈತಿ, ಕರೇದು ಬೆಳ್ಳಗ ಕಾಣ್ತೈತಿ. ಬಾಕ್ಸ್ ಮ್ಯಾಲ ಐಪಿಎಸ್ ಅಂತ ಬರದಿಲ್ಲ ಅಂದ್ರ ಅದು ಟಿಎನ್ ಅಂತನ ತಿಳ್ಕೊಳ್ಳೂದು ಚಲೋ, ಐಪಿಎಸ್ ಇದ್ದಾವ ಅದನ್ನ ದೊಡ್ಡದಾಗಿ ಬರೀದ ಬಿಡಂಗಿಲ್ಲ. ನೋಡೂದು ಹ್ಯಾಂಗಂದ್ರ, ಅಂಗಡ್ಯಾಗ ಲ್ಯಾಪ್‌ಟಾಪ್ ಚಾಲೂ ಮಾಡಿ, ನಿಮ್ಮ ಮಾರಿದೇ ಒಂದು ಫೋಟೋ ಹಾಕಿ, ಎದ್ದು ನಿಂತು ಮ್ಯಾಲಿಂದ ನೋಡ್ರಿ. ಮಾರಿ ದೆವ್ವದಂಗ ಕಂಡ್ರ ಟಿಎನ್. ಆಮ್ಯಾಲ ಅಂಗಡಿ ಬಾಗಲಕ್ಕ ತಂದು ಬೆಳಕಿಗೆ ಬೆನ್ನು ಮಾಡಿ ನೋಡ್ರಿ. ಅಂಗಡಿ ಮಂದಿ ಸಿಟ್ಟಾಗ್ತಾರ, ಆಗ್ಲಿ, ಸೀರಿ ಅಂಗಡ್ಯಾಗ ನಮ್ಮ ಅಕ್ಕಾರು ಸೀರಿ ಬಾಗಲಿಗೆ ತಂದು ಬಿಸಲಿಗೆ ಹಿಡದು ನೋಡಂಗಿಲ್ಲೇನ್ರಿ? ಮೂರು ಸಾವಿರದ ಸೀರಿಗೆ ನೋಡ್ತೀರಿ, 40 ಸಾವಿರದ ಲ್ಯಾಪ್‌ಟಾಪಿಗೆ ನಾಚಿಕಿ ಯಾಕ? 1366 ಬೈ 768 ಚುಕ್ಕಿಯ ಸ್ಕ್ರೀನ್ ಈಗ ಯಾರರ ಕೊಟ್ರ ತಗೋಬ್ಯಾಡ್ರಿ, 1920 ಬೈ 1080 ಇರಲಿ, ಎಕ್ಸೆಲ್ ಶೀಟ್ ಒಂದ ಸಲಕ್ಕ ಅಗಲಕ್ಕ ಕಾಣಬೇಕಂದ್ರ ಅದ ಬೇಕು.

14 ಇಂಚೋ 15.6 ಇಂಚೋ ಅಂತ ಬಾಳ ಮಂದಿ ಕೇಳ್ತಾರ. ದಿನಾ ಹುಬ್ಬಳ್ಳಿಯಿಂದ ಧಾರವಾಡಕ್ಕ ಚಿಗರಿ ಬಸ್ಸಿನಾಗ ನಿಂತು ಬರೂ ಹುಡುಗಿಗೆ 14 ಚಲೋ, ಬ್ಯಾಗ್ ಎದಿಗೆ ಹಾಕ್ಕೊಂಡು ನಿಂದ್ರಬೇಕಾಗ್ತೈತಿ, ಪಾವ್ ಕಿಲೋ ಹೆಚ್ಚಿದ್ರೂ ಸಂಜಿಮುಂದ ಭುಜಕ್ಕ ಗೊತ್ತಾಗ್ತೈತಿ. ಟ್ಯಾಲಿ ಕೆಲಸದವರಿಗೆ 15.6, ಯಾಕಂದ್ರ ಬಲಕ್ಕ ನಂಬರಿನ ಕೀ ಬ್ಯಾರೆ ಇರ್ತಾವ, ವೋಚರ್ ಹೊಡಿಯೂ ಬೆರಳಿಗೆ ಅದರ ರೂಢಿನ ಬ್ಯಾರೆ.

ಬ್ಯಾಟರಿ. "10 ತಾಸು ಬರ್ತೈತಿ" ಅಂತ ಬರದಿರ್ತಾರ, ಅದನ್ನ ಬಿಟ್ಟುಬಿಡ್ರಿ. ವಾಟ್ ಅವರ್ ಅಂತ ಒಂದು ಅಂಕಿ ಇರ್ತೈತಿ, ಅದು ತೊಟ್ಟಿ ಎಷ್ಟ ದೊಡ್ಡದು ಅನ್ನೂದು. ಬರಿಯೂದು ಓದೂದು ಮಾಡಿದ್ರ ಲ್ಯಾಪ್‌ಟಾಪು ಸುಮಾರು 8 ವಾಟ್ ಕುಡೀತೈತಿ ಅಂತ ಹಿಡೀರಿ. 41 ವಾಟ್ ಅವರ್ ಬ್ಯಾಟರಿ ಇದ್ರ 5 ತಾಸು. 50 ಇದ್ರ 6 ತಾಸಿನ ಮ್ಯಾಲ. ಕೋಡಿಂಗ್ ವಿಡಿಯೋ ಅಂತ ಹಚ್ಚಿದ್ರ ಕುಡಿಯೂದು 15ಕ್ಕ ಹೋಗ್ತೈತಿ, ಆವಾಗ 41ರದ್ದು ಮೂರು ತಾಸಿನೊಳಗ ಮುಗೀತು. ಹಂಗಾಗಿ ಎರಡೂ ಲ್ಯಾಪ್‌ಟಾಪ್ ಎಲ್ಲಾದ್ರಾಗೂ ಒಂದ ಅನಿಸಿದ್ರ ಈ ಅಂಕಿ ಯಾವುದರಾಗ ದೊಡ್ಡದೋ ಅದನ್ನ ತಗೋರಿ, ಹೆಸ್ಕಾಂನವರು ಕರೆಂಟ್ ತಗದಾಗ ನನ್ನ ನೆನಸ್ತೀರಿ. ಟೈಪ್ ಸಿ ಚಾರ್ಜಿಂಗ್ ಐತೇನು ಅಂತನೂ ಕೇಳ್ರಿ. ಟೈಪ್ ಸಿ ತೂತು ಇದ್ದ ಕೂಡ್ಲೆ ಚಾರ್ಜ್ ಆಗ್ತೈತಿ ಅಂತಲ್ಲ, ಕೆಲವೊಂದರಾಗ ಅದು ಬರೇ ಪೆನ್‌ಡ್ರೈವಿಗೆ. ಚಾರ್ಜ್ ಆಗೂದಿದ್ರ ಹಾಸ್ಟೆಲಿನಾಗ ಒಂದು ಚಾರ್ಜರ್ ಮರೆತ್ರ ಗೆಳೆಯಾಂದು 65 ವಾಟಿಂದು ಹಚ್ಚಾಕ ಬರ್ತೈತಿ.

ಈಗ ನನ್ನ ಟೇಬಲ್ ಮ್ಯಾಲ ಏನೇನು ಬರ್ತಾವ ಹೇಳ್ತೀನಿ, ಇದು ಯಾವ ಬಾಕ್ಸ್ ಮ್ಯಾಲೂ ಬರದಿರಂಗಿಲ್ಲ. ಸೋವಿ ಲ್ಯಾಪ್‌ಟಾಪಿನಾಗ ಎಲ್ಲಾಕ್ಕಿಂತ ಮೊದಲ ಹೋಗೂದು ಪ್ರೊಸೆಸರ್ ಅಲ್ರಿ, ಹಿಂಜ್. ಅದ, ಮುಚ್ಚಿ ತೆಗಿಯೂ ಕೀಲು. ಕೀಲು ಕಬ್ಬಿಣದ್ದು, ಅದನ್ನ ಹಿಡಕೊಂಡ ಸ್ಕ್ರೂ ಕೂತಿದ್ದು ಪ್ಲಾಸ್ಟಿಕ್ಕಿನಾಗ. ಹುಡುಗೂರು ಸ್ಕ್ರೀನಿನ ಒಂದು ಮೂಲಿ ಹಿಡದು ಎತ್ತತಾರ, ದಿನಕ್ಕ ಹತ್ತು ಸಲ, ಒಂದ ಕಡೆ ಜೋರ್ ಬಿದ್ದು ಪ್ಲಾಸ್ಟಿಕ್ ಸೀಳಿ ಕೀಲು ಹೊರಗ ಬರ್ತೈತಿ, ಅದರ ಕೂಡ ಸ್ಕ್ರೀನಿನ ಕೇಬಲ್ಲೂ ಹೋಗ್ತೈತಿ. ನಡುಕ ಹಿಡದು ಎತ್ರಿ, ಎರಡು ವರ್ಷ ಹೆಚ್ಚಿಗೆ ಬಾಳಿಕಿ ಬರ್ತೈತಿ. ಅಂಗಡ್ಯಾಗ ಎರಡನ್ನೂ ಹತ್ತ ಹತ್ತ ಸಲ ತೆಗದು ಮುಚ್ಚಿ ನೋಡ್ರಿ, ಬಾಳ ಬಿಗಿ ಇದ್ದು ಕೆಳಗಿನ ಭಾಗ ಎದ್ದು ಬರಾಕತ್ರ ಅದರ ಕೀಲು ಪ್ಲಾಸ್ಟಿಕ್ಕನ್ನ ತಿನ್ನೂದ ಖರೇ. ಕೀಬೋರ್ಡಿನ ನಡಕ ಬೆರಳಿಂದ ಒತ್ರಿ, ತೊಟ್ಟಲದಂಗ ಕುಸದ್ರ ಒಳಗ ಗಟ್ಟಿ ತಟ್ಟಿ ಇಲ್ಲಂತ ಅರ್ಥ. ಎರಡನೇದು ಧೂಳು ಹಿಡದು ಫ್ಯಾನ್ ಬಂದ್ ಆಗೂದು, ಹಾಸಿಗಿ ಮ್ಯಾಲ ಕಂಬಳಿ ಮ್ಯಾಲ ಇಟಗೊಂಡು ನಡಸಿದ್ರ ಕೆಳಗಿನ ಗಾಳಿ ಕಿಂಡಿ ಮುಚ್ಚತೈತಿ. ಮೂರನೇದು ಚಹಾ. ಧಾರವಾಡದ ಮಳಿ ಬಿಟ್ರ ಲ್ಯಾಪ್‌ಟಾಪಿಗೆ ಚಹಾದಷ್ಟು ದೊಡ್ಡ ವೈರಿ ಇಲ್ಲ.

ವಾರಂಟಿ ಕೇಳೂಮುಂದ ಒಂದ ಪ್ರಶ್ನೆ ಕೇಳ್ರಿ, ಆನ್‌ಸೈಟ್ ಐತೋ, ನಾವ ಒಯ್ದು ಕೊಡಬೇಕೋ? ಆನ್‌ಸೈಟ್ ಅಂದ್ರ ಕಂಪನಿಯವರ ನಿಮ್ಮ ಮನಿಗೆ ಬಂದು ಮಾಡ್ತಾರ. ಹಾನಗಲ್ಲಿನಾಗೋ ಮುಂಡರಗ್ಯಾಗೋ ಇದ್ದವರಿಗೆ ಇದು ದೊಡ್ಡ ಫರಕು, ಇಲ್ಲಂದ್ರ ಒಂದ ಕೀ ಕಿತ್ತು ಬಂದ್ರೂ ಹುಬ್ಬಳ್ಳಿಗೆ ಎರಡು ಖೇಪು ಬಸ್ಸು. ಬಿದ್ದು ಒಡದ್ರ, ನೀರು ಬಿದ್ರ ಸಾದಾ ವಾರಂಟಿಯೊಳಗ ಬರಂಗಿಲ್ಲ, ಅದಕ್ಕ ಬ್ಯಾರೆ ರೊಕ್ಕ ಕೊಟ್ಟು ಪ್ಲಾನ್ ತಗೋಬೇಕು. ಬಿಲ್ಲಿನಾಗ ಸೀರಿಯಲ್ ನಂಬರ್ ಬರಿಸ್ಕೋರಿ, ಜಿಎಸ್‌ಟಿ 18 ಪರ್ಸೆಂಟ್ ಅಂತೂ ರೇಟಿನಾಗ ಇರ್ತೈತಿ, "ಬಿಲ್ ಬ್ಯಾಡಂದ್ರ ಕಡಿಮಿ ಮಾಡ್ತೀನಿ" ಅಂದ್ರ ಮರಳಾಗಬ್ಯಾಡ್ರಿ.

ಮತ್ತ ಹೆಸರಿನ ಮ್ಯಾಲ ಹೋಗಬ್ಯಾಡ್ರಿ. ಎಚ್‌ಪಿ 15ಎಸ್, ಲೆನೋವೋ ಐಡಿಯಾಪ್ಯಾಡ್ ಸ್ಲಿಮ್ 3, ಏಸುಸ್ ವಿವೋಬುಕ್ 15 ಅಂತಾರಲ್ಲ, ಅವು ಒಂದ ಲ್ಯಾಪ್‌ಟಾಪಿನ ಹೆಸರಲ್ರಿ, ಅಡ್ಡ ಹೆಸರು. ನಮ್ಮ ಕಡೆ ಒಂದ ಅಡ್ಡ ಹೆಸರಿನಾಗ ಶ್ರೀಮಂತನೂ ಇರ್ತಾನ, ಬಡವನೂ ಇರ್ತಾನ, ಹಂಗ ಅದ ಹೆಸರಿನಾಗ ಐ3ನೂ ಬರ್ತೈತಿ ಐ5ನೂ ಬರ್ತೈತಿ, 250 ನಿಟ್ಸೂ ಬರ್ತೈತಿ 300ನೂ ಬರ್ತೈತಿ. ಹಿಂದ ಇರೂ ಉದ್ದನೆ ಅಕ್ಷರ ಅಂಕಿ ಕೋಡ್ ಐತಲ್ಲ, ಅದ ಅದರ ಖರೇ ಹೆಸರು. ನಿಮ್ಮ ಕಾಕಾನ ಮಗಾ "ನಂದು ಅದ ಐತಿ, ಬಾಳ ಚಲೋ ನಡದೈತಿ" ಅಂದ್ರ ಆ ಕೋಡ್ ಕೇಳ್ರಿ.

ಸಾಫ್ಟ್‌ವೇರ್ ಕಡೆ ಬಂದ್ರ, ಡಾಸ್ ಲ್ಯಾಪ್‌ಟಾಪ್ ಅಂತ ಸೋವಿ ಕೊಡ್ತಾರ, ಅಂದ್ರ ಅದರಾಗ ವಿಂಡೋಸ್ ಇರಂಗಿಲ್ಲ. ಬಿಸಿಎ, ಕಂಪ್ಯೂಟರ್ ಸೈನ್ಸ್ ಹುಡುಗೂರು ವಿಂಡೋಸ್ ಬದಲಿ ಉಬುಂಟು ಹಾಕ್ಕೊಂಡು ಮಜಾ ಮಾಡ್ರಿ. ಆದ್ರ ಟ್ಯಾಲಿ, ಸಾಲಿಡ್‌ವರ್ಕ್ಸ್, ಕಟ್ಟಡದ ಡಿಸೈನಿನ ರೆವಿಟ್, ಸ್ಟ್ಯಾಡ್ ಇವೆಲ್ಲ ವಿಂಡೋಸಿನ ಸಾಮಾನು, ಬಿಕಾಂ ಮತ್ತ ಸಿವಿಲ್ ಮೆಕ್ಯಾನಿಕಲ್ ಮಂದಿ ವಿಂಡೋಸ್ ಇದ್ದದ್ದ ತಗೋರಿ, ಇದ ಕಾರಣಕ್ಕ ಮ್ಯಾಕ್‌ಬುಕ್ ಬೇಕಂತ ಹಟ ಹಿಡದ ಸಿವಿಲ್ ಹುಡುಗನಿಗೆ ಅವರಪ್ಪನ ಮುಂದನ ಬ್ಯಾಡಪಾ ಅಂದೀನಿ. ಆಫೀಸ್ (ವರ್ಡ್, ಎಕ್ಸೆಲ್ ಅಂಥವು) ವಿಷಯಕ್ಕ, ನಿಮ್ಮ ಕಾಲೇಜಿನವರು ಕೊಡೂ ಇಮೇಲ್ ಮ್ಯಾಲ ಮೈಕ್ರೋಸಾಫ್ಟಿಂದು ಫುಕಟ ಸಿಗ್ತೈತೇನು ಅಂತ ಕಾಲೇಜಿನಾಗ ಕೇಳಿ ಆಮ್ಯಾಲ ರೊಕ್ಕ ಕೊಡ್ರಿ. ಕನ್ನಡ ಟೈಪಿಂಗಿಗೆ ಏನೂ ಕೊಳ್ಳಾಕ ಬ್ಯಾಡ, ವಿಂಡೋಸಿನ ಸೆಟ್ಟಿಂಗಿನಾಗ ಭಾಷಾ ಸೇರಿಸಿದ್ರ ಕೀಬೋರ್ಡ್ ಬರ್ತೈತಿ. "ಕನ್ನಡ ಸಾಫ್ಟ್‌ವೇರ್ ಹಾಕಿ ಕೊಡ್ತೀವಿ 500 ರೂಪಾಯಿ" ಅನ್ನೂ ಮಂದೀನೂ ಅದಾರ, ಇರ್ಲಿ ಬಿಡ್ರಿ, ನಮ್ಮ ಧಂದೇದವರ ಬಗ್ಗೆ ಬಾಳ ಮಾತಾಡಬಾರ್ದು.

ಕಡೀಕ ಪ್ರಶ್ನೆ ಕೇಳ್ರಿ ಅಂದೆ. ನವಲಗುಂದದಿಂದ ಬಂದಿದ್ದ ಒಬ್ಬ ಹಿರಿಯರು, "25 ಸಾವಿರದ ಮ್ಯಾಲ ನನ್ನ ಕೈಲೆ ಆಗೂದಿಲ್ರಿ, ಹಳೇದು ತಗೋಬಹುದೇನ್ರಿ" ಅಂತ ಕೇಳಿದ್ರು. ಧಾರಾಳ ತಗೋರಿ ಯಜಮಾನ್ರ. ದೊಡ್ಡ ದೊಡ್ಡ ಆಫೀಸಿನವರು ಮೂರ್ನಾಕು ವರ್ಷಕ್ಕ ಹೊರಗ ಹಾಕೂ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೀಟ್‌ಬುಕ್ ಅನ್ನೂ ಲ್ಯಾಪ್‌ಟಾಪ್ ಅದಾವ, ಅವುಗಳ ಕೀಲು, ಕೀಬೋರ್ಡು ಹೊಸಾ ಸೋವಿ ಲ್ಯಾಪ್‌ಟಾಪಿಗಿಂತ ಗಟ್ಟಿ. ಆದ್ರ ಇಂಟೆಲ್ ಇದ್ರ 8ನೇ ಪೀಳಿಗಿ ಅಥವಾ ಅದಕ್ಕಿಂತ ಹೊಸದು ಇರಬೇಕು, 7ನೇದ್ದಕ್ಕ ಹೆಚ್ಚಾಗಿ ವಿಂಡೋಸ್ 11 ಅಧಿಕೃತವಾಗಿ ಬರಂಗಿಲ್ಲ, ವಿಂಡೋಸ್ 10ಕ್ಕ 2025ರ ಅಕ್ಟೋಬರ್ 14ಕ್ಕ ಸಪೋರ್ಟ್ ಮುಗದೈತಿ. ಐ5-8250ಯು ಅಂತ ಇದ್ರ ಐ5 ಮುಂದಿನ 8 ಅದರ ಹಲ್ಲು. ತಗೊಳ್ಳೂ ಮೊದಲ ಕಮಾಂಡ್ ಪ್ರಾಂಪ್ಟ್ ತೆಗದು ಪವರ್‌ಸಿಎಫ್‌ಜಿ, ಒಂದು ಜಾಗಾ ಬಿಟ್ಟು ಸ್ಲ್ಯಾಶ್, ಬ್ಯಾಟರಿರಿಪೋರ್ಟ್ ಅಂತ ಇಂಗ್ಲೀಷಿನಾಗ ಹೊಡೀರಿ, ಒಂದು ಫೈಲ್ ಬರ್ತೈತಿ, ಅದರಾಗ ಬ್ಯಾಟರಿ ಹೊಸದಿದ್ದಾಗ ಎಷ್ಟಿತ್ತು, ಈಗ ತುಂಬಿದ್ರ ಎಷ್ಟು ತುಂಬತೈತಿ ಎರಡೂ ಇರ್ತಾವ. ಅರ್ಧಕ್ಕ ಇಳದಿದ್ರ ಹೊಸಾ ಬ್ಯಾಟರಿ ರೊಕ್ಕ ಕಡಿಮಿ ಮಾಡ್ರಿ ಅಂತ ಅಲ್ಲೇ ಕೂತು ಜಗಳ ಮಾಡ್ರಿ.

ಒಬ್ಬ ಹುಡುಗ ಎಐ ಪಿಸಿ ಕೇಳಿದ. ಕೋಪೈಲಟ್ ಪ್ಲಸ್ ಅಂತ ಸ್ಟಿಕ್ಕರ್ ಬೇಕಂದ್ರ 40 ಟಾಪ್ಸ್ (ಸೆಕೆಂಡಿಗೆ 40 ಲಕ್ಷ ಕೋಟಿ ಲೆಕ್ಕ) ಶಕ್ತಿಯ ಎನ್‌ಪಿಯು, ಅಂದ್ರ ಎಐ ಲೆಕ್ಕಕ್ಕಂತ ಇರೂ ಭಾಗ, 16 ಜಿಬಿ ರ್‍ಯಾಮ್ ಇರಬೇಕಂತ ನಿಯಮ, ಅದು ಈ ರೇಟಿನ ಮಾತ ಅಲ್ಲ, ಮತ್ತ ನೀ ಚಾಟ್‌ಜಿಪಿಟಿ ಕೇಳಾಕ ಇಂಟರ್ನೆಟ್ ಸಾಕು, ಎನ್‌ಪಿಯು ಬೇಕಾಗಿಲ್ಲ. ಇನ್ನೊಬ್ಬ ಗೇಮಿಂಗ್ ಲ್ಯಾಪ್‌ಟಾಪ್ "ಓದಾಕ" ಬೇಕಂದ, ಅವರವ್ವ ಬಾಜೂಕ ಕೂತಿದ್ರು, ನಾ ಉತ್ತರ ಕೊಡೂಕಿಂತ ಮೊದಲ ಅವರ ಕೊಟ್ರು.

ಎಲ್ಲಾ ಮುಗದು ಮಂದಿ ಏಳಾಕತ್ತಾಗ ಮುಂದಿನ ಸಾಲಿನಾಗ ಕೂತಿದ್ದ ತಂಗಿ ಒಬ್ಬಾಕಿ ಬಂದು ಟೇಬಲ್ ಮ್ಯಾಲಿನ ಎರಡೂ ಲ್ಯಾಪ್‌ಟಾಪ್ ತೆಗದ್ಲು, ಮೂಲಿ ಹಿಡೀದ ನಡಕ ಹಿಡದು ತೆಗದ್ಲು, ಎದ್ದು ನಿಂತು ಮ್ಯಾಲಿಂದ ನೋಡಿದ್ಲು, ಎರಡೂ ಕಿಟಕಿ ಕಡೆ ತಿರಗಿಸಿದ್ಲು. "ಸರ, 7530 ಇದ್ದದ್ದರ ಸ್ಕ್ರೀನು ಟಿಎನ್ ಐತಲ್ರಿ, 7520 ಇದ್ದದ್ದು ಐಪಿಎಸ್. ಹಂಗಾದ್ರ ನಾಲ್ಕು ವರ್ಷ ನಡಿಯೂದು ಯಾವುದ್ರಿ?" ಅಂದ್ಲು. ನೀ ಏನ ಓದಾಕತ್ತಿ ಅಂದೆ. ಬಿಎ, ಪತ್ರಿಕೋದ್ಯಮ ಅಂದ್ಲು. ಹಂಗಿದ್ರ ನಿನಗ 7520, ಆಕಿ ಬಾಜೂಕ ನಿಂತಿದ್ದ ಬಿಸಿಎ ಗೆಳತಿಗೆ 7530, ಆಕಿ ಹೊರಗಿಂದ ಒಂದು ಮಾನಿಟರ್ ಹಚ್ಚಿಕೊಳ್ಳಲಿ, ಎಚ್‌ಡಿಎಮ್‌ಐ ತೂತು ಐತಿ ಅಂದೆ. ಅವರಿಬ್ಬರೂ ಮಾಡೆಲ್ ಕೋಡಿನ ಫೋಟೋ ಹೊಡ್ಕೊಂಡು ಹೋದ್ರು, ನಾನೂ ವೈರ್ ಸುತ್ತಿ ಬ್ಯಾಗಿನಾಗ ಇಟಗೊಂಡು 8ರ ಚಿಗರಿ ಹಿಡದೆ.